ಎರಡು ಗುಟುಕು ಎಂದೆ

ಹುಣಸೆ ಮರದ ಕೆಳಗೆ ನಿಂತು ಮೇಲೆ ನೋಡಿದರೆ ಎಷ್ಟು ಹಣ್ಣು ಇಳಿಯುತ್ತದೆ ಎಂದು ನನಗೆ ಅಂದಾಜು ಸಿಕ್ಕಿಬಿಡುತ್ತದೆ. ಆದರೆ ಮರದ ಒಡೆಯರ ಎದುರು ಮೊದಲ ಮಾತಿಗೇ ಅದನ್ನು ಬಾಯಿ ಬಿಟ್ಟವಳಲ್ಲ. ಹತ್ತು ಮೂಟೆ ಕಂಡರೆ ಆರು ಎನ್ನುತ್ತೇನೆ. ತಮಿಳುನಾಡಿನ ಪೆನ್ನಾಗರಂ ಸುತ್ತಿನ ಊರುಗಳಲ್ಲಿ ಮರಗಳನ್ನು ಫಸಲಿಗೆ ಗುತ್ತಿಗೆ ಹಿಡಿದು, ಯಾರ ಹಂಗೂ ಇಲ್ಲದೆ ನಾನು ನಿಂತದ್ದು ಹೀಗೆಯೇ. ಮಾತು ಕುದುರದಿದ್ದರೆ ಎದ್ದು ನಡೆಯಬೇಕು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವರೇ ಕರೆಯುತ್ತಾರೆ.

ಸೇಲಂನ ಆಸ್ಪತ್ರೆಯಲ್ಲಿ ಎದ್ದು ನಡೆಯುವ ಹಾಗಿರಲಿಲ್ಲ. ಐದು ವರ್ಷದ ಮಗಳ ಗುಂಡಿಗೆಯಲ್ಲಿ ತೂತಿತ್ತು. ಆಪರೇಷನ್ನಿನ ಹಿಂದಿನ ದಿನ ಮಕ್ಕಳ ಕಿಡ್ನಿ ನೋಡುವ ಡಾಕ್ಟರಮ್ಮ ಒಂದು ಕಾಗದ ಹಿಡಿದು ಬಂದರು, ನನಗಿಂತ ಚಿಕ್ಕವರು. ನಮ್ಮ ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಇಲ್ಲಿ ನಮ್ಮ ಮನೆಮಾತು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ಡ್ರಿಪ್ಪಿನಲ್ಲಿ ಎರಡು ಬಗೆಯಂತೆ. ಒಂದು ಎಲ್ಲರಿಗೂ ಗೊತ್ತಿರುವ ಸಲೈನ್, ಬರೀ ಉಪ್ಪುನೀರು. ಇನ್ನೊಂದು ರಕ್ತದಲ್ಲಿರುವ ಲವಣಗಳ ಹದಕ್ಕೆ ಹತ್ತಿರವಾದದ್ದು. ಎರಡೂ ಬಳಕೆಯಲ್ಲಿವೆ. ಹೃದಯದ ಆಪರೇಷನ್ ಆದ ಮಕ್ಕಳ ಕಿಡ್ನಿಗೆ ಯಾವುದು ಹಿತ ಎಂದು ತಿಳಿಯಲು ಇವರೊಂದು ಅಧ್ಯಯನ ನಡೆಸುತ್ತಿದ್ದರು. ಯಾವ ಮಗುವಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಕೊಡುವವರಿಗೂ ಅದು ಗೊತ್ತಿರುವುದಿಲ್ಲ.

"ಯಾವ್ದು ಒಳ್ಳೇದು ಅಂತ ನಿಮ್ ಮನ್ಸಲ್ಲಿ ಐತಲ್ಲ ಮೇಡಂ, ಅದ್ನೇ ಆಕ್ಬುಡಿ."

"ಗೊತ್ತಿದ್ದಿದ್ರೆ ನಿಮ್ಮನ್ನ ಯಾಕಮ್ಮ ಕೇಳ್ತಿದ್ದೆ?"

"ಓಗ್ಲಿ, ಅರ್ಧ ಅದು, ಅರ್ಧ ಇದು?"

ಆಕೆ ನಕ್ಕುಬಿಟ್ಟರು. "ಬೇಡ ಅಂದ್ರೆ ಬೇಡ. ಆಪರೇಷನ್ ಏನೂ ನಿಲ್ಲಲ್ಲ. ಆಗ್ಲೂ ಇವೆರಡರಲ್ಲಿ ಒಂದನ್ನೇ ಹಾಕ್ತಾರೆ."

ಒಪ್ಪಿದರೆ ಚೀಟಿ, ಒಪ್ಪದಿದ್ದರೆ ಅವರ ರೂಢಿ. ಎರಡು ಕಡೆಯೂ ನನ್ನ ಕೈಗೆ ಏನೂ ಸಿಗದ ವ್ಯಾಪಾರವನ್ನು ಅಂದೇ ಮೊದಲು ಕಂಡೆ. ಸಹಿ ಹಾಕಿದೆ.

ತೂತು ಮುಚ್ಚಿತು. ಎರಡನೆಯ ದಿನ ಮೂತ್ರ ಇಳಿಯುವುದು ಕಮ್ಮಿಯಾಯಿತು. ಕಿಡ್ನಿ ಸೋತಿದೆ, ಹೀಗೇ ಆದರೆ ಡಯಾಲಿಸಿಸ್ ಬೇಕಾಗಬಹುದು ಎಂದರು. ಡ್ರಿಪ್ ಕಮ್ಮಿ ಮಾಡಿ, ಬಾಯಿಗೆ ಚಮಚದ ಲೆಕ್ಕದಲ್ಲಿ ನೀರು ಕೊಡತೊಡಗಿದರು. ನಾನು ಗಾಜಿನ ಬಾಗಿಲಿನ ಹೊರಗೆ, ನೆಲಕ್ಕೆ ಬಿಗಿದ ಕುರ್ಚಿಯಲ್ಲಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಮೇಟೂರು ಕಡೆಯ ನರ್ಸಮ್ಮ ಒಬ್ಬಳು ನಮ್ಮ ಮಾತಾಡುತ್ತಿದ್ದಳು. ಅವಳನ್ನು ಹಿಡಿದುಕೊಂಡೆ.

"ಯಾವ ನೀರು ಆಕವ್ರೆ? ನಂಗೊಬ್ಳಿಗೇ ಏಳು."

"ನಂಗೂ ತಿಳೀದಕ್ಕೋ. ಚೀಲದ ಮ್ಯಾಲೆ ಬರೀ ನಂಬರ್ ಐತೆ."

"ಆಕೋಳೇ ನೀನು, ನಿಂಗೆ ತಿಳೀದಾ?"

"ದ್ಯಾವ್ರಾಣೆ ತಿಳೀದು. ಓಗಿ ಉಣ್ಣೋಗು, ನೀನೂ ಮಲೀಕಂಡ್ರೆ ಇನ್ನೊಂದ್ ಬೆಡ್ ಎಲ್ಲಿ ತರ್ಲಿ?"

ನನ್ನ ಸಹಿಯೇ ಮಗಳ ಕಿಡ್ನಿಯನ್ನು ಕೆಡಿಸಿತೆಂದು ಒಳಗೊಳಗೇ ಕೊರೆಯತೊಡಗಿತು. ಹರಿದು ಹಾಕೋಣವೆಂದರೆ ಕಾಗದ ಅವರ ಬಳಿ. ಏನಾದರೂ ಮಾಡದೆ ಕೂರಲಾಗಲಿಲ್ಲ. ಮೂತ್ರ ಕಟ್ಟಿದರೆ ನಮ್ಮಲ್ಲಿ ಎಳನೀರು ಕುಡಿಸುತ್ತೇವೆ. ನಾನೇ ಎಷ್ಟೋ ಜನಕ್ಕೆ ಹೇಳಿ ಕುಡಿಸಿದ್ದೇನೆ. ಜೊತೆಗೆ ಬಂದಿದ್ದ ಅಣ್ಣನಿಂದ ತರಿಸಿ, ಮಗಳ ನೀರಿನ ಬಾಟಲಿಗೆ ತುಂಬಿ, ಸೆರಗಿನಡಿ ಇಟ್ಟುಕೊಂಡು ಮಧ್ಯಾಹ್ನ ಒಳಗೆ ಹೋದೆ.

"ಅವ್ವಾ, ನೀರ್ ಕೊಡವ್ವಾ. ಆ ಅಕ್ಕ ಚಮಚದಾಗೇ ಕೊಡ್ತಾಳೆ."

ತುಟಿ ಒಡೆದಿತ್ತು. ಬಾಟಲಿ ಬಾಯಿಗಿಟ್ಟೆ. ಉಸಿರೂ ಬಿಡದೆ ಕುಡಿದಳು. ನರ್ಸಮ್ಮ ಓಡಿಬಂದು ಬಾಟಲಿ ಕಿತ್ತುಕೊಂಡು ಮೂಸಿ ನೋಡಿದಳು. ಡಾಕ್ಟರಮ್ಮನನ್ನು ಕೂಗಿದಳು.

ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚಂತೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲೇ ನಿಂತರೆ ಗುಂಡಿಗೆಯ ಬಡಿತ ತಪ್ಪುತ್ತದಂತೆ. ಇದನ್ನು ಒಂದೇ ಉಸಿರಿಗೆ ಹೇಳಿದ ಡಾಕ್ಟರಮ್ಮ ನನ್ನ ಮುಖ ನೋಡಿ ಕೇಳಿದರು: "ಎವ್ವಳವು ಕುಡುತ್ತೀಂಗ?" ಎಷ್ಟು ಕೊಟ್ರಿ ಎಂದು.

"ಎರಡು ಗುಟುಕು," ಎಂದೆ.

ಯೋಚಿಸಿ ಹೇಳಿದ್ದಲ್ಲ. ಅಳತೆ ಕೇಳಿದರೆ ನನ್ನ ಬಾಯಿಂದ ಕಮ್ಮಿಯೇ ಬರುತ್ತದೆ.

"ಬಾಟ್ಲಿ ತುಂಬ ಇತ್ತಾ?"

"ಇಲ್ಲ, ತಳದಾಗೆ ಒಸಿ."

ಅವರು ನಂಬಿದರು. ನರ್ಸಮ್ಮನಿಗೆ ಬರೆದುಕೊಳ್ಳಲು ಹೇಳಿ ಆ ಕಡೆ ತಿರುಗಿದರು. ಗೋಡೆಯ ಪರದೆಯ ಮೇಲೆ ಮಗಳ ಗುಂಡಿಗೆಯ ಹಸಿರು ಗೆರೆ ಎದ್ದು ಬಿದ್ದು ಓಡುತ್ತಿತ್ತು. ನನ್ನ ಸುಳ್ಳಿನ ಅಳತೆಗೆ ಔಷಧಿ ಹಾಕುತ್ತಾರೆ ಎಂದು ಹೊಳೆದಾಗ ಅವರ ಕೋಟಿನ ತೋಳು ಹಿಡಿದೆಳೆದೆ.

"ಮೇಡಂ, ಸುಳ್ಳೇಳ್ದೆ. ಬಾಟ್ಲಿ ತುಂಬ ಇತ್ತು. ಎಲ್ಲಾ ಕುಡಿಸ್ಬುಟ್ಟೆ."

ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಏನಾದರೂ ಅಂದು ಹಗುರಾಗುತ್ತಿದ್ದೆ. ರಕ್ತ ತೆಗೆದರು, ಎರಡು ಸೂಜಿ ಹಾಕಿದರು, ನನ್ನನ್ನು ಹೊರಗೆ ಕಳಿಸಿದರು. ಪೊಟ್ಯಾಸಿಯಂ ಏರಿತ್ತು, ಕೈಮೀರಲಿಲ್ಲ ಎಂದು ಸಂಜೆ ತಿಳಿಸಿದರು.

ಮಗುವನ್ನು ಆಸ್ಪತ್ರೆಗೆ ಸೇರಿಸುವವರಿಗೆ ಈಗಲೂ ಬುದ್ಧಿ ಹೇಳುತ್ತೇನೆ. ಕಾಗದ ಓದಿಸಿಕೊಳ್ಳಿ, ನೂರು ಪ್ರಶ್ನೆ ಕೇಳಿ, ಬೇಡ ಅನ್ನಿಸಿದರೆ ಬೇಡ ಅನ್ನಿ. ಆದರೆ ಅವರಿಗೆ ಹೇಳದೆ ಒಂದು ಹನಿಯನ್ನೂ ಬಾಯಿಗೆ ಬಿಡಬೇಡಿ. ಬಿಟ್ಟಿದ್ದರೆ ಇದ್ದಷ್ಟನ್ನೂ ಹೇಳಿಬಿಡಿ. ಯಾವ ನೀರು ಒಳ್ಳೆಯದೆಂದು ಮಾತ್ರ ನನ್ನನ್ನು ಕೇಳಬೇಡಿ. ಮಗಳ ಚೀಲದಲ್ಲಿದ್ದದ್ದು ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಿಡ್ನಿ ಸೋತದ್ದು ಅದರಿಂದಲೋ ಆಪರೇಷನ್ನಿನಿಂದಲೋ ಡಾಕ್ಟರಮ್ಮನಿಗೂ ಗೊತ್ತಿಲ್ಲ.

ಆಮೇಲಿನ ಎರಡು ದಿನ ಸೆರಗು ಕೊಡವಿ ತೋರಿಸಿಯೇ ನಾನು ಒಳಗೆ ಹೋಗಬೇಕಿತ್ತು. ಮೂರನೆಯ ದಿನ ಬೆಳಿಗ್ಗೆ ನರ್ಸಮ್ಮ ಬಾಗಿಲನ್ನು ಒಂದು ಗೇಣು ತೆರೆದಳು.

"ಅಕ್ಕೋ, ಈ ಒಂದ್ ಗಂಟೆಗೆ ಐವತ್ತು ಎಂಎಲ್ ಉಚ್ಚೆ ಇಳ್ದೈತೆ. ಡಯಾಲಿಸಿಸ್ ಮಿಷನ್ ಬ್ಯಾಡ ಅಂದ್ರು."

"ಸರ್ಯಾಗಿ ನೋಡ್ದಾ?"

"ಎರಡ್ ಸಲ ನೋಡಿವ್ನಿ. ಇನ್ನೂ ಒಳೀಕೆ ಬರಂಗಿಲ್ಲ, ಆ ಕಡೆ ಕುಂತ್ಕೋ ಓಗು."

ಬಾಗಿಲು ಮುಚ್ಚಿದಳು. ಮಗಳ ಒಂದು ಪಾದ ಮಾತ್ರ ಗಾಜಿನಲ್ಲಿ ಕಾಣುತ್ತಿತ್ತು. ಅದು ಅಲುಗಾಡುವವರೆಗೂ ನಾನು ಕೂರಲಿಲ್ಲ.