ದರ್ಜಿ ಮಾವ ಕೇಳುತ್ತಿದ್ದ ಪ್ರಶ್ನೆ

ವಾರಸುದಾರರಿಲ್ಲದ ಹೆಣಗಳನ್ನು ಆಸ್ಪತ್ರೆಯಿಂದ ಮಸಣಕ್ಕೆ ಸಾಗಿಸುವ ನಮ್ಮ ಸೇವಾ ತಂಡದಲ್ಲಿ ನಾಲ್ವರಿದ್ದೆವು. ಹಿರಿಯರು ದರ್ಜಿ ಮಾವ. ಬದುಕಿದ್ದವರ ಅಳತೆ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಅವರು, ಸತ್ತವರ ಕಿವಿಯ ಬಳಿ ಬಗ್ಗಿ "ಹೊರಡೋಣ್ವಾ?" ಎಂದು ಕೇಳದೆ ಸ್ಟ್ರೆಚರಿಗೆ ಕೈ ಹಚ್ಚುತ್ತಿರಲಿಲ್ಲ. ಕೇಳಿ ಸುಮ್ಮನಾಗುತ್ತಲೂ ಇರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಇದನ್ನು ಕಂಡರೆ ನಮ್ಮ ಮುಂದಾಳು ಕಂಡಕ್ಟರಿಗೆ ಮೈಯೆಲ್ಲ ಉರಿ. ಬಸ್ಸಿಗೆ ಓಡಿ ಬರುವ ಜೀವಂತ ಜನಕ್ಕೇ ಅವನು ಕಾದವನಲ್ಲ.

ಒಂದು ಮಧ್ಯಾಹ್ನ ಶವಾಗಾರದಲ್ಲಿ ಅವನು ಕಡ್ಡಿ ಮುರಿದಂತೆ ಹೇಳಿದ: "ಮಾವ, ಇವತ್ತೂ ಆ ನಾಟಕ ಆಡಿದ್ರೆ ನಾಳೆಯಿಂದ ಮನೇಲೇ ಇರಿ. ಎತ್ರಪ್ಪ ಎಲ್ರೂ."

ಮಾವನ ಮನೆಯಲ್ಲಿ ಮಾತಿಗೂ ಜನವಿಲ್ಲ. ಅವರಿಗೆ ಉಳಿದಿದ್ದ ಒಡನಾಟ ನಮ್ಮದೊಂದೇ. ತುಟಿ ಬಿಗಿದು ಕೈ ಹಚ್ಚಿದರು. ಮಲಗಿದ್ದವಳು ಗಾಳಿ ಬೀಸಿದರೆ ಹಾರುವಂಥ ಮುದುಕಿ. ಆದರೂ ಸ್ಟ್ರೆಚರ್ ಮೇಲೇಳಲಿಲ್ಲ. ಒಬ್ಬ ಎತ್ತುವಾಗ ಇನ್ನೊಬ್ಬ ಉಸಿರು ಬಿಟ್ಟು ಕೈ ಸಡಿಲಿಸುತ್ತಿದ್ದ. ಮತ್ತೆ ಮತ್ತೆ ಹಾಗೇ ಆಯಿತು.

ಕಂಡಕ್ಟರ್ ಬೆವರು ಒರೆಸಿಕೊಂಡು ದನಿ ತಗ್ಗಿಸಿದ. "ಮಾವ, ಅದೇನದು, ಕೇಳ್ಬಿಡಿ."

"ಅಮ್ಮಾ, ಹೊರಡೋಣ್ವಾ?"

ಎಲ್ಲರೂ ಕಾದೆವು. ತಣ್ಣಗೆ, ಹತ್ತಿರದಲ್ಲೇ, "ಹೂಂ" ಎಂದದ್ದು ಕೇಳಿಸಿತು. ಸ್ಟ್ರೆಚರ್ ಹೂವಿನಂತೆ ಎದ್ದಿತು.

ಬಾಗಿಲು ದಾಟಿದ ಮೇಲೆ ಕಂಡಕ್ಟರ್ ಕೇಳಿದ: "ಹೂಂ ಅಂದಿದ್ದು ನೀವೇ ತಾನೆ?"

"ಕೇಳಿದೋನೇ ಹೂಂ ಅಂತಾನೇನಪ್ಪ?"

ಅವನು ನಮ್ಮಿಬ್ಬರ ಮುಖ ನೋಡಿದ. ಅಲ್ಲವೆಂದು ತಲೆಯಾಡಿಸಿದೆವು.

"ನಾಳೆ ತಪ್ಪಿಸ್ಬೇಡಿ, ಮಾವ," ಎಂದ ಅವನು. ಮುದುಕಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.