ಅತ್ತೆ ಕೀಳದೆ ಬಿಟ್ಟ ಕಹಿಸೊಪ್ಪು

ನಮ್ಮತ್ತೆಗೆ ಸಿಟ್ಟು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ಮಾಡುವ ಹೆಂಗಸಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ.

ಊರಾಚೆ ಕುರುಚಲು ಬಯಲಿನಲ್ಲಿ ನಮ್ಮದೊಂದು ತಗ್ಗು ಇತ್ತು. ಮಳೆ ಬಿದ್ದ ಮೇಲೆ ಅಲ್ಲಿಗೆ ದನ ಬಿಡದೆ, ಬೇಸಿಗೆಗೆಂದು ಹುಲ್ಲು ಕಾಯ್ದಿಡುತ್ತಿದ್ದೆವು. ತೇವಕ್ಕೆ ಅಲ್ಲಿ ಕಹಿಸೊಪ್ಪೂ ಏಳುತ್ತಿತ್ತು. ಸುತ್ತ ಬೇರೆಲ್ಲೂ ಇರಲಿಲ್ಲ. ಹುಲ್ಲು ಒಣಗಿದ ಮೇಲೂ ಅದು ಹಸಿರಾಗೇ ಇರುತ್ತದೆ. ದನ ಆಸೆಬಿದ್ದು ತಿಂದರೆ ಹಾಲು ಕಹಿ. ಅದಕ್ಕೇ ಅತ್ತೆ ಅದು ಎಳೆಯದಾಗಿರುವಾಗಲೇ ಕೂತು ಕೂತು ಕೀಳುತ್ತಿದ್ದರು. ಎಷ್ಟು ಕಿತ್ತರೂ ಬೇಲಿಯ ಬುಡದಲ್ಲಿ ಅಷ್ಟಿಷ್ಟು ಉಳಿಯುತ್ತಿತ್ತು.

ಒಂದು ಬೇಸಿಗೆ ಹುಲ್ಲು ಕೊಯ್ಯಲು ಹೋದರೆ ತಗ್ಗು ಬೋಳು. ಯಾರೋ ಬೇಲಿ ಸರಿಸಿ ಮೇಯಿಸಿದ್ದರು. ನಮ್ಮ ಗಬ್ಬದ ಹಸು ಮೇವಿಲ್ಲದೆ ಮೂಳೆ ಚಕ್ಕಳವಾಗಿ, ಸತ್ತ ಕರು ಹಾಕಿತು. ಅತ್ತೆ ಅದನ್ನು ಹೂತು ಬಂದು, ಕೈ ತೊಳೆದು, ನನ್ನನ್ನೂ ಕರೆದುಕೊಂಡು ಟೀ ಅಂಗಡಿಗೆ ಹೋದರು. ಬರೀ ಹಾಲು ಕೇಳಿ, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದರು. ಆಮೇಲೆ ಲೋಟ ನನ್ನ ಕೈಗೆ ಕೊಟ್ಟು, "ನಾಲಿಗೆ ಬುಡದಲ್ಲಿ ನೋಡು" ಅಂದರು. ಸಣ್ಣಗೆ ಕಹಿ ಇತ್ತು. ಅಂಗಡಿಗೆ ಹಾಲು ಹಾಕುತ್ತಿದ್ದವನು ನಮ್ಮ ಪಕ್ಕದ ಮನೆಯವನೇ. ಕರು ಹೂಳಲು ಹಾರೆ ಕೊಟ್ಟವನು.

"ಕೇಳೋಣ ನಡೀರಿ" ಅಂದೆ.

"ಕೇಳಿದ್ರೆ ಇಲ್ಲ ಅಂತಾನೆ. ಅಲ್ಲಿಗೆ ಮುಗೀತಲ್ಲ?"

ಮರುವರ್ಷ ಅತ್ತೆ ಕಹಿಸೊಪ್ಪಿನ ಒಂದು ಎಸಳೂ ಕೀಳಲಿಲ್ಲ. ಹುಲ್ಲು ಬಲಿತ ಕೂಡಲೇ ನಮಗೆ ಬೇಕಾದಷ್ಟನ್ನು ಸೊಪ್ಪು ಬಿಟ್ಟು ಆರಿಸಿ ಕೊಯ್ದು, ಹಿತ್ತಿಲಲ್ಲಿ ಬಣವೆ ಒಟ್ಟಿದರು. ಮಿಕ್ಕಿದ್ದು ಹಾಗೇ ನಿಂತಿತು. ಬೇಲಿ ಭದ್ರ ಮಾಡಲಾ ಅಂದರೆ, "ಬರೋರಿಗೆ ಯಾಕೆ ತೊಂದರೆ" ಅಂದರು.

ಬಿಸಿಲು ಏರಿದ ಹಾಗೆ ಪಕ್ಕದ ಮನೆಯವನ ಹಾಲು ಮನೆಮನೆಯಿಂದ ವಾಪಸ್ ಬರತೊಡಗಿತು. ಹಸುಗಳಿಗೆ ಬೆಲ್ಲ ತಿನ್ನಿಸಿದ, ಪಾತ್ರೆ ಬದಲಿಸಿದ, ಹೆಂಡತಿಯನ್ನು ಬೈದ. ಕೊನೆಗೆ ಟೀ ಅಂಗಡಿಯಲ್ಲಿ ಜನ ಕೂತಿರುವಾಗಲೇ ಅತ್ತೆಯ ಹತ್ತಿರ ಬಂದ.

"ದೊಡ್ಡಮ್ಮ, ಮೇವಿನ ವಿಷಯ ನಿಮ್ಮಷ್ಟು ಬಲ್ಲವರಿಲ್ಲ. ಹಾಲು ಯಾಕೆ ಕಹಿ?"

"ಎಲ್ಲಿ ಮೇಯಿಸ್ತೀಯ ಹೇಳಪ್ಪ, ಹೇಳ್ತೀನಿ."

"ಇಲ್ಲೇ, ಬಯಲಲ್ಲಿ."

"ಬಯಲಲ್ಲಿ ಊರ ದನವೆಲ್ಲ ಮೇಯುತ್ತೆ. ನಿನ್ನ ಹಸುಗಳಿಗೇ ಏನು ಬಂತು ರೋಗ?"

ಅಂಗಡಿಯವನು ಹಾಲಿನ ಕ್ಯಾನನ್ನು ಕಾಲಿನಿಂದ ಹೊರಗೆ ದೂಡಿ, "ನಾಳೆಯಿಂದ ಬೇರೆಯವರಿಗೆ ಹೇಳಿದೀನಿ ನೋಡಪ್ಪ" ಅಂದ. ಆಗ ಇವನು ಬಗ್ಗಿ ಅತ್ತೆಯ ಕಿವಿಯಲ್ಲಿ ಏನೋ ಉಸುರಿದ.

"ಕಿವಿ ಮಂದ ನಂಗೆ. ಗಟ್ಟಿಯಾಗಿ ಹೇಳು."

"ನಿಮ್ಮ ತಗ್ಗಿನಲ್ಲಿ ಮೇಯಿಸ್ದೆ."

"ಹೋದ ವರ್ಷ?"

"ಆಗಲೂ."

ಅತ್ತೆ ಎದ್ದು ಸೆರಗು ಕೊಡವಿ, "ಸರಿ, ಎಲ್ಲರಿಗೂ ಕೇಳಿಸ್ತಲ್ಲ" ಅಂದು ಹೊರಟರು. ಕಹಿ ಹೋಗುವುದಕ್ಕೆ ಏನು ಮಾಡಬೇಕು ಅಂತ ಹೇಳಲೇ ಇಲ್ಲ.

ಕದ್ದ ಮೇವಿನ ಹಾಲು ಅಂತ ಆಮೇಲೆ ಅವನ ಹತ್ತಿರ ಯಾರೂ ಕೊಳ್ಳಲಿಲ್ಲ. ಹಸುಗಳನ್ನು ಮಾರಿದ. ಅವು ನಮ್ಮ ಬಾಗಿಲ ಮುಂದೆ ಹೋಗುವಾಗ ನಾನು "ಪಾಪ" ಅಂದುಬಿಟ್ಟೆ.

"ಅದನ್ನ ಕೊಟ್ಟಿಗೆಗೆ ಹೋಗಿ, ನಮ್ಮ ಹಸು ಮುಂದೆ ಅನ್ನು" ಅಂದರು ಅತ್ತೆ.

ಕೊಟ್ಟಿಗೆಗೆ ಹೋದೆ. ಹುಲ್ಲು ಹಾಕಿ ಬಂದೆ, ಏನೂ ಅನ್ನಲಿಲ್ಲ.