ಸೈಕಲ್ಲನ್ನು ನಡೆಸಿಕೊಂಡು ಹೋಗುತ್ತಿದ್ದ ವಿರೂಪಣ್ಣ ಮಾಮ

ಇದನ್ನು ಓದಿದವರು ಅರ್ಧಕ್ಕರ್ಧ ಸುಳ್ಳು ಅನ್ನುತ್ತೀರಿ. ಅನ್ನಿ, ನನಗೇನೂ ಬೇಸರವಿಲ್ಲ. ನಮ್ಮೂರಲ್ಲಿ ಇದ್ದದ್ದು ಒಂದೇ ಸೈಕಲ್ಲು, ಅದು ನಮ್ಮ ವಿರೂಪಣ್ಣ ಮಾಮನದು. ಅದನ್ನು ಬಿಟ್ಟು ಅವನು ಊರ ಬಾವಿಗೂ ಹೋದವನಲ್ಲ. ಆದರೆ ಅದರ ಮೇಲೆ ಅವನು ಕೂತದ್ದನ್ನು ಒಂದು ನರಪಿಳ್ಳೆಯೂ ಕಂಡಿರಲಿಲ್ಲ. ಹೊಸ ಹೆಂಡತಿಯನ್ನು ಕೈಹಿಡಿದು ಕರೆತರುವವನ ಹಾಗೆ, ಪಕ್ಕದಲ್ಲಿ ಮೆಲ್ಲಗೆ ನಡೆಸಿಕೊಂಡು ಹೋಗುತ್ತಿದ್ದ. ಹಳ್ಳ ಬಂದರೆ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದ. ಸೈಕಲ್ಲು ಅವನ ಮೇಲೆ ಕೂತದ್ದುಂಟು, ಅವನು ಸೈಕಲ್ಲಿನ ಮೇಲೆ ಕೂತದ್ದಿಲ್ಲ.

ಮಾಮ ಅಂದರೆ ನಮ್ಮ ಅವ್ವನ ತಮ್ಮ. ರಾಯದುರ್ಗದ ದರ್ಜಿ ಮನೆತನ. ಹೊಲಿಗೆ ಯಂತ್ರವನ್ನು ಎತ್ತಿನ ಗಾಡಿಗೆ ಹೇರಿಕೊಂಡು ಕನ್ನಡ, ತೆಲುಗು ಎರಡೂ ನಡೆಯುವ ಮಡಕಶಿರಾ ಬೆಟ್ಟದ ಬುಡದ ನಮ್ಮ ಹಳ್ಳಿಗೆ ಬಂದು, ನಮ್ಮ ಜಗಲಿಯ ಮೇಲೇ ಅಂಗಡಿ ಹೂಡಿದ್ದ. ಬಳ್ಳಾರಿಯ ಯಾವನೋ ಇಂಗ್ಲಿಷ್ ದೊರೆ ಸೀಮೆಗೆ ವಾಪಸ್ಸು ಹೋಗುವಾಗ ಇವನು ಹೊಲಿದ ಕೋಟನ್ನು ಮೆಚ್ಚಿ ಸೈಕಲ್ಲು ಕೊಟ್ಟನಂತೆ. ಆ ದೊರೆ ಕಣ್ಣೀರಿಟ್ಟ ಅಂತಲೂ ಹೇಳುತ್ತಿದ್ದ.

ಯಾಕೆ ಹತ್ತುವುದಿಲ್ಲ ಎಂದರೆ ದಿನಕ್ಕೊಂದು ಕಾರಣ. ಗರಸು ರಸ್ತೆ ರಬ್ಬರು ತಿನ್ನುತ್ತದೆ. ಹಿರಿಯರ ಮನೆ ಮುಂದೆ ಕೂತು ಹೋದರೆ ಮರ್ಯಾದೆಯಲ್ಲ. ಇವತ್ತು ಎದುರುಗಾಳಿ. ನಾಳೆ ಹಿಂದಿನಿಂದ ಬೀಸುವ ಗಾಳಿ, ಅದು ಇನ್ನೂ ಕೆಟ್ಟದ್ದು. ಲೋಕದ ಸಂಗತಿಯನ್ನೆಲ್ಲ ಅವನು ಬಟ್ಟೆಯ ಭಾಷೆಯಲ್ಲೇ ಹೇಳುವವನು. ಜಗಳವಾಡಿದ ಗಂಡಹೆಂಡಿರಿಗೆ ಹೊಲಿಗೆ ಬಿಟ್ಟಿದೆ. ಶ್ಯಾನುಭೋಗರ ಹೊಟ್ಟೆಗೆ ದೇವರು ಬಟ್ಟೆ ಧಾರಾಳ ಬಿಟ್ಟಿದ್ದಾನೆ. ಗಂಗವ್ವನ, ಅಂದರೆ ನನ್ನ, ನಾಲಿಗೆಯನ್ನಂತೂ ಅಳತೆಯಿಲ್ಲದೆ ಕತ್ತರಿಸಿದ್ದಾನೆ.

ನಮ್ಮಿಬ್ಬರಿಗೂ ಸೇರಿದ ಒಂದು ಕಷ್ಟವಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ, ಈ ಕೂಸು ನನ್ನ ತಮ್ಮನಿಗೇ ಎಂದು ಮಾತಾಡಿಟ್ಟಿದ್ದಳು. ಅಕ್ಕನ ಮಗಳನ್ನು ತಮ್ಮನಿಗೆ ತರುವುದು ನಮ್ಮಲ್ಲಿ ಉಪ್ಪಿಗೆ ಉಪ್ಪು ಅಂದಷ್ಟು ಸಲೀಸು, ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಚಿಕ್ಕವಳಿದ್ದಾಗ ನನ್ನ ಮೂಗು ಒರೆಸಿದವನು ಅವನು. ನನ್ನ ಮುಖ ಕಂಡರೆ ಅವನಿಗೆ ಇನ್ನೂ ಆ ಮೂಗೇ ನೆನಪಾಗುತ್ತಿತ್ತು. ನನಗೋ ಮದುವೆ ಎಂದರೆ ಗೋಣಿಚೀಲದೊಳಗೆ ಹೊಗಿಸಿದ ಹಾಗೆ. ಅವ್ವನ ಮುಂದೆ ಬಾಯಿಬಿಡುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ನಮ್ಮ ಅವ್ವನನ್ನು ನೀವು ನೋಡಿಲ್ಲ.

ಅಷ್ಟರಲ್ಲಿ ಮಾಮ ಮದುವೆ ಮನೆಯೊಂದರ ಬಟ್ಟೆ ಹೊಲಿಯಲು ಹೇಮಾವತಿಗೆ ಹೋಗಿಬಂದ. ಬಂದವನು ಅಂಗಿಯ ಬೆನ್ನಿಗೆ ಜೇಬು ಹಚ್ಚತೊಡಗಿದ. ನಾನು ಗದರಿಸಿ ಕೇಳಿದಾಗ ಹೊರಬಿತ್ತು. ಅಲ್ಲಿ ಸಿದ್ದಮ್ಮ ಎಂಬ ಹುಡುಗಿ, ಅವಳ ಅಪ್ಪ ಕುರಿಮಂದೆಯ ಕೆಂಚಪ್ಪ. ನಮ್ಮೂರಿಂದ ಹೇಮಾವತಿಗೆ ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ಸೈಕಲ್ ತುಳಿದುಕೊಂಡು ಬಂದುಬಿಡುತ್ತೇನೆ ಎಂದು ಮಾಮ ಅವನ ಮುಂದೆ ಕೊಚ್ಚಿಕೊಂಡಿದ್ದ. ಕೆಂಚಪ್ಪ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಇರುವವಳು ಒಬ್ಬಳೇ ಮಗಳು, ನೋಡಬೇಕೆನಿಸಿದಾಗ ಹಿಂದೆ ಕೂರಿಸಿಕೊಂಡು ಬಂದು ತೋರಿಸುವ ಅಳಿಯ ಬೇಕು. ಮುಂದಿನ ತಿಂಗಳು ಬಂದು ಕಣ್ಣಾರೆ ನೋಡುತ್ತೇನೆ, ತುಳಿದರೆ ಮಾತು, ಇಲ್ಲದಿದ್ದರೆ ಗಾಡಿ ವಾಪಸ್ಸು ಎಂದಿದ್ದ.

"ಗಂಗವ್ವಾ, ನನಗ ಹತ್ತಾಕ ಬರಂಗಿಲ್ಲವ್ವಾ" ಎಂದ ಮಾಮ, ಸೂಜಿಯ ಕಣ್ಣನ್ನೇ ನೋಡುತ್ತಾ.

ನಾನು ನಗಲಿಲ್ಲ. ಅಂದರೆ, ಹಿತ್ತಲಿಗೆ ಹೋಗಿ ನಕ್ಕು ಬಂದೆ.

ನನಗೆ ಬರುತ್ತಿತ್ತು. ಮಧ್ಯಾಹ್ನ ಮಾಮ ಗೊರಕೆ ಹೊಡೆಯುವ ಹೊತ್ತಿನಲ್ಲಿ ಲಂಗ ಮೇಲೆತ್ತಿ ಕಟ್ಟಿ, ಮೊದಲು ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು, ಆಮೇಲೆ ಸೀಟಿನ ಮೇಲೇ ಕೂತು ಕಲಿತಿದ್ದೆ. ನೋಡಿದವು ಬೆಟ್ಟದ ಕೋತಿಗಳು ಮಾತ್ರ. ಅವು ಚಾಡಿ ಹೇಳುವುದಿಲ್ಲ.

ಕಲಿತ ಜಾಗಕ್ಕೇ ಮಾಮನನ್ನೂ ಕರೆದುಕೊಂಡು ಹೋದೆ. ಯಾರೋ ದೊಡ್ಡ ದೊರೆ ಬೆಟ್ಟ ನೋಡಲು ಬರುತ್ತಾನೆಂದು ಹಿಂದೊಮ್ಮೆ ಕೆಂಪು ಗರಸು ಹಾಕಿಸಿದ ದಾರಿ ಅದು. ದೊರೆ ಬರಲಿಲ್ಲ, ದಾರಿ ಉಳಿಯಿತು. ಒಂದು ಪಕ್ಕಕ್ಕೆ ಬೆಟ್ಟದ ಬುಡದ ಬಂಡೆಗಳು, ಇನ್ನೊಂದು ಪಕ್ಕಕ್ಕೆ ರೆಡ್ಡಿಯವರ ದ್ರಾಕ್ಷಿ ತೋಟ, ಕಲ್ಲುಕಂಬಗಳ ಮೇಲೆ ಹಬ್ಬಿದ ಚಪ್ಪರಗಳು. ಮೋಟಾರಿಲ್ಲ, ಗಾಡಿಯಿಲ್ಲ. ಚಕ್ರದ ಕೆಳಗೆ ಗರಸು ಹುರಿಗಡಲೆ ಅಗಿದ ಹಾಗೆ ಕರಕರ ಎನ್ನುತ್ತದೆ. ಇಳಿಜಾರಿನ ಮೇಲಿಂದ ಕಾಲೆತ್ತಿ ಬಿಟ್ಟರೆ ಮಾಗಿದ ಹಣ್ಣಿನ ವಾಸನೆ ಎದೆಗೇ ಬಂದು ಬಡಿಯುತ್ತದೆ. ಅಷ್ಟು ಹೊತ್ತು ನಾನು ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ.

ಮಾಮನದು ಒಂದು ಷರತ್ತು. ಪಾಠ ತೆಲುಗಲ್ಲೇ ಆಗಬೇಕು. "ನೀ ಕನ್ನಡದಾಗ ಕೂಗಿದರ ಅಕ್ಕ ಬೈದಂಗ ಆಗತೈತಿ, ಕೈಕಾಲು ನಡಗತಾವ." ಸರಿ, ಎತ್ತಿಗೆ ಹೇಳಿದ ಹಾಗೆ ತೆಲುಗಲ್ಲೇ ಹೇಳಿದೆ. ಎಡಕ್ಕೆ 'ಎಡಮ', ಬಲಕ್ಕೆ 'ಕುಡಿ', ನಿಲ್ಲು ಅನ್ನುವುದಕ್ಕೆ 'ಆಗು'. ಅವನು ಬಿದ್ದ ಜಾಗಕ್ಕೆಲ್ಲ ಒಂದೊಂದು ಕಂಬ ನೆಟ್ಟಿದ್ದರೆ ರೆಡ್ಡಿಯವರು ಇನ್ನೊಂದು ಚಪ್ಪರ ಹಾಕಿಸಬಹುದಿತ್ತು. ಪೈಜಾಮದ ಮೊಣಕಾಲಿಗೆ ತೇಪೆ, ತೇಪೆಯ ಮೇಲೆ ತೇಪೆ. ಅವ್ವ ಕೇಳಿದರೆ ಬಳ್ಳಾರಿಯಲ್ಲಿ ಈಗ ಹೀಗೇ ಹೊಲಿಸುತ್ತಾರೆ ಎಂದ. ಅವ್ವ ಆ ತೇಪೆಗಳನ್ನೇ ಒಮ್ಮೆ ನೋಡಿ ಒಳಗೆ ಹೋದಳು.

ಕೆಂಚಪ್ಪ ಬಂದ ದಿನ ಗಾಡಿಯನ್ನು ಇಳಿಜಾರಿನ ಕೆಳಗೆ ನಿಲ್ಲಿಸಿ, ಎತ್ತು ಬಿಚ್ಚಿ, ಮೀಸೆ ತೀಡುತ್ತಾ ನಿಂತ. ಮೇಲಿಂದ ಮಾಮ ಹೊರಟ. ಅರ್ಧದವರೆಗೂ ಚೆನ್ನಾಗಿಯೇ ಬಂದ, ಪ್ರಮಾಣ ಮಾಡಿ ಹೇಳುತ್ತೇನೆ. ಆಮೇಲೆ ಸಿದ್ದಮ್ಮನ ಅಪ್ಪನ ಮೀಸೆ ಕಣ್ಣಿಗೆ ಬಿತ್ತೋ ಏನೋ, ಸೈಕಲ್ಲು ಹಾವಿನಂತೆ ಹರಿಯತೊಡಗಿತು. ಮುಂದೆ ದಾರಿ ಬಲಕ್ಕೆ ತಿರುಗುತ್ತದೆ, ನೇರ ಹೋದರೆ ದ್ರಾಕ್ಷಿ. ನಾನು ಹಿಂದೆ ಓಡುತ್ತಾ ಗಂಟಲು ಹರಿಯುವಂತೆ ಕೂಗಿದೆ, "ಕುಡಿ ಮಾಮ, ಕುಡಿ, ಕುಡಿ."

ಮಾಮ ನೇರ ಹೋದ. ಚಪ್ಪರದೊಳಗಿಂದ ಎದ್ದು ಬಂದಾಗ ಕಿವಿಯ ಮೇಲೊಂದು ಎಲೆ, ಅಂಗಿಯ ತುಂಬ ಹಣ್ಣಿನ ರಸ. ನೆಲದಲ್ಲಿ ಬಿದ್ದು ಹುಳಿತ ಹಣ್ಣಿನ ಮೇಲೇ ಬಿದ್ದಿದ್ದನಾದ್ದರಿಂದ ವಾಸನೆಯೂ ಹೆಂಡದ ಹಾಗೇ ಇತ್ತು.

ಕೆಂಚಪ್ಪ ಎತ್ತಿನ ಕಡೆ ತಿರುಗಿದ. "ಕುಡಿಯೋನ್ಗೆ ನಮ್ ಹುಡ್ಗೀನ ಕೊಡಾಕಿಲ್ಲ" ಎಂದು ನೊಗ ಎತ್ತಿದ. ಆಮೇಲೆ ನನ್ನತ್ತ ನೋಡಿ, "ಈ ವಯಸ್ಗೇ ನೀನು ಓಡಿ ಓಡಿ ಕುಡಿಸ್ತಿದ್ಯಲ್ಲವ್ವ" ಎಂದ.

"ನಾ ಕುಡದಿಲ್ರಿ, ಬಿದ್ದೀನ್ರಿ" ಎಂದ ಮಾಮ.

"ಕುಡ್ದೋರೆಲ್ಲ ಅಂಗೇ ಅನ್ನೋದು."

ಅದು ತೆಲುಗಿನ ಕುಡಿ, ಬಲಕ್ಕೆ ತಿರುಗು ಅಂತ, ಎಂದು ನಾನು ಹೇಳಿದೆ. ಕೆಂಚಪ್ಪನಿಗೆ ತೆಲುಗು ಬರುತ್ತಿತ್ತು, ನಮ್ಮ ಕಡೆ ಯಾರಿಗೆ ಬರುವುದಿಲ್ಲ. ಆದರೆ ಕನ್ನಡದ ಮನೆಯವರು ತಮ್ಮೊಳಗೆ ತೆಲುಗಲ್ಲಿ ಯಾಕೆ ಕೂಗಾಡುತ್ತಾರೆ ಎಂದು ಅವನು ನಂಬಲಿಲ್ಲ. ಒಂದು ಎತ್ತಿಗೆ ಆಗಲೇ ನೊಗ ಕಟ್ಟಿಯಾಗಿತ್ತು. ಮಾಮ ಸಿದ್ದಮ್ಮನ ಊರಿನ ದಿಕ್ಕಿಗೆ ನೋಡುತ್ತಾ ನಿಂತಿದ್ದ, ಆ ಮುಖ ನೋಡಿ ನನಗೂ ತಮಾಷೆ ಸಾಕಾಯಿತು. ಈ ಗಾಡಿ ಹೊರಟರೆ ಅವನ ಕತೆಯೂ ಮುಗಿಯಿತು, ನನ್ನದೂ ಮುಗಿಯಿತು.

ಲಂಗ ಎತ್ತಿ ಕಟ್ಟಿ ಸೈಕಲ್ ಹತ್ತಿದೆ. ಅವನ ಎದುರಿಗೇ ಸುತ್ತು ಹಾಕಿದೆ. 'ಎಡಮ' ಎಂದು ಕೂಗಿ ಎಡಕ್ಕೆ ತಿರುಗಿದೆ, 'ಕುಡಿ' ಎಂದು ಕೂಗಿ ಬಲಕ್ಕೆ ತಿರುಗಿದೆ. ಕೆಂಚಪ್ಪನ ಮೀಸೆ ಅಲ್ಲಾಡಿತು. ಪರೀಕ್ಷೆಗೆಂದು ಅವನೇ ಒಮ್ಮೆ ಕುಡಿ ಎಂದ, ತಿರುಗಿದೆ. ಎಡಮ ಎಂದ, ತಿರುಗಿದೆ. ಅವನಿಗೆ ಅದು ರುಚಿ ಹತ್ತಿತು. ನೊಗ ಬಿಟ್ಟು, ತೊಡೆ ತಟ್ಟಿ, ಕುರಿಮರಿ ಓಡಿಸುವವನ ಹಾಗೆ ಕೂಗುತ್ತಾ, ನಗುತ್ತಾ ನನ್ನನ್ನು ಸುತ್ತಿಸಿದ. ಸುತ್ತಿಸುತ್ತಿದ್ದವನು ನನ್ನ ಬೆನ್ನ ಹಿಂದೆ ನೋಡಿ ತಟ್ಟನೆ ಸುಮ್ಮನಾದ.

ಅವ್ವ ನಿಂತಿದ್ದಳು. ಸೈಕಲ್ ದರ್ಜಿ ಎಲ್ಲಿ ಎಂದು ಕೆಂಚಪ್ಪ ದಾರಿ ಕೇಳಿದ್ದು ನಮ್ಮ ಮನೆಯಲ್ಲೇ ಅಂತೆ. ಪರಸ್ಥಳದವರು ಬಿಸಿಲಲ್ಲಿ ಬಂದಿದ್ದಾರೆಂದು ಮಜ್ಜಿಗೆ ತಂಬಿಗೆ ಹಿಡಿದು ಹಿಂದೆಯೇ ಬಂದಿದ್ದಳು.

ನನ್ನನ್ನು ಅವಳು ನೋಡಲೇ ಇಲ್ಲ. ಮಾಮನ ಮೊಣಕಾಲಿನ ತೇಪೆಗಳನ್ನು ನೋಡಿದಳು, ಗಾಡಿಯನ್ನು ನೋಡಿದಳು, ಕೆಂಚಪ್ಪನನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಯಾಕಪ್ಪಾ ತಮ್ಮಾ" ಎಂದಳು, "ಗಂಗವ್ವ ಬ್ಯಾಡ ಅಂತ ನನಗ ಒಂದು ಮಾತು ಹೇಳಾಕ ಇಷ್ಟು ಸಲ ಬೀಳಬೇಕಾಗಿತ್ತೇನು?"

ಮಾಮ ಕಿವಿಯ ಮೇಲಿನ ಎಲೆ ತೆಗೆದು ಎಸೆದ. ಅವ್ವ ಕೆಂಚಪ್ಪನ ಕೈಗೆ ತಂಬಿಗೆ ಕೊಟ್ಟಳು. "ನಾ ಇವನ ಅಕ್ಕ ಅದೀನ್ರಿ. ಇಂವ ಕುಡಿಯಾಂವಲ್ಲ. ಬರ್ರಿ, ಮನಿಗೆ ಹೋಗಿ ಮಾತಾಡೂಣು."

ಮುಂದೆ ಮದುವೆಯಾಯಿತು. ಒಬ್ಬಳೇ ಮಗಳನ್ನು ಕಳಿಸಲಾರದೆ ಕೆಂಚಪ್ಪ ಅಳಿಯನನ್ನೇ ಹೇಮಾವತಿಯಲ್ಲಿ ಇಟ್ಟುಕೊಂಡ, ಯಂತ್ರ, ಸೈಕಲ್ಲು ಎಲ್ಲ ಅಲ್ಲಿಗೇ ಹೋದವು. ನಮ್ಮ ಜಗಲಿಯಲ್ಲಿ ಈಗ ಕಡಲೆಕಾಯಿ ಮೂಟೆಗಳಿವೆ. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಾನಿನ್ನೂ ಸೀಟಿನ ಮೇಲೇ, ಒಂದು ಕಾಲು ಗರಸಿಗೆ ಊರಿ ಕೂತಿದ್ದೆ. ಕೆಂಚಪ್ಪ, ಮಾಮ ಇಬ್ಬರೂ ಮುಂದೆ ನಡೆದ ಮೇಲೆ ಅವ್ವ ನನ್ನ ಹತ್ತಿರ ಬಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಲಂಗವನ್ನು ಬಿಚ್ಚಿ ಪಾದದವರೆಗೆ ಎಳೆದಳು, ನಿರಿಗೆ ಸರಿಮಾಡಿದಳು, ಧೂಳು ಕೊಡವಿದಳು.

"ಭಾಳ ಚಂದ ತುಳೀತಿ" ಎಂದಳು. "ಇಳಿ."